ಗುರುಸಿದ್ದವ್ವನ ಎಡಗಡೆಯ ಗ್ರಂಥಿ

ನಾನು ಒಂದು ಅಡ್ರಿನಲ್ ಗ್ರಂಥಿ. ಹೆಸರು ಕೇಳಿ ಹುಬ್ಬೇರಿಸಬೇಡಿ. ನಿಮ್ಮ ಹೊಟ್ಟೆಯೊಳಗೂ ನಮ್ಮ ಜಾತಿಯವು ಎರಡಿವೆ, ಒಂದೊಂದು ಮೂತ್ರಪಿಂಡದ ನೆತ್ತಿಯ ಮೇಲೆ ಒಂದೊಂದು ಟೊಪ್ಪಿಗೆಯ ಹಾಗೆ. ನಾನು ಗದಗಿನ ಗುರುಸಿದ್ದವ್ವನ ಎಡಗಡೆಯದು. ಅವಳು ತಾಯಿಯ ಬಸಿರಿನಲ್ಲಿದ್ದಾಗಲೇ ಹುಟ್ಟಿ, ಅವಳು ಮೊದಲ ಸಲ ಅಳುವಷ್ಟರಲ್ಲಿ ಕೆಲಸಕ್ಕೆ ಹಾಜರಾಗಿದ್ದೆ.

ತಲೆಯೊಳಗೆ ಕಡಲೆಕಾಳಿನಷ್ಟು ಇರುವ ಪಿಟ್ಯುಟರಿ ನನ್ನ ಯಜಮಾನ. ಅದು ರಕ್ತದಲ್ಲಿ ಅಪ್ಪಣೆ ಕಳಿಸಿದರೆ ನಾನು ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸಬೇಕು. ಜ್ವರ, ಪೆಟ್ಟು, ಉಪವಾಸ ಏನೇ ಬರಲಿ, ಮನುಷ್ಯರನ್ನು ಬೀಳದಂತೆ ಹಿಡಿದು ನಿಲ್ಲಿಸುವುದು ಅದೇ. ಏಳು ವರ್ಷದ ಗುರುಸಿದ್ದಿಯನ್ನು ಓಣಿಯ ನಾಯಿ ಅಟ್ಟಿಸಿಕೊಂಡು ಬಂದಾಗ ಅಡ್ರಿನಲಿನ್ ಚೆಲ್ಲಿ ಗೋಡೆ ಹಾರಿಸಿದ್ದೂ ನಾನೇ. ಎಲ್ಲರೂ ಅವಳ ಗುಂಡಿಗೆಯನ್ನು ಹೊಗಳಿದರು. ದುಡಿಯುವುದು ಒಬ್ಬರು, ಹೆಸರು ಇನ್ನೊಬ್ಬರಿಗೆ. ಅದು ನನಗೆ ರೂಢಿಯಾಗಿತ್ತು.

ಮದುವೆಯಾಯಿತು, ಮಗಳು ಶಿವಲೀಲಾ ಹುಟ್ಟಿದಳು, ಗಂಡ ಬೇಗ ತೀರಿಕೊಂಡ. ಗುರುಸಿದ್ದವ್ವ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ದಿನಕ್ಕೆ ಇನ್ನೂರು ರೊಟ್ಟಿ. ನಲವತ್ತೈದು ದಾಟಿದ ಮೇಲೆ ಬೆರಳ ಗೆಣ್ಣುಗಳು ಬಾತುಕೊಂಡವು, ಹಿಟ್ಟು ನಾದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆಗ ಸಂತೆಯಲ್ಲಿ ಒಬ್ಬ ಮನುಷ್ಯ ಕೀಲುನೋವಿಗೆ ಪುಡಿ ಕೊಟ್ಟ. ಕಾಡಿನ ಬೇರು ಕುಟ್ಟಿ ಮಾಡಿದ್ದು ಎಂದ.

ಬೇರೂ ಅಲ್ಲ, ನಾರೂ ಅಲ್ಲ. ನಾನು ಸುರಿಸುವ ರಸದಂಥದ್ದೇ, ಅದಕ್ಕಿಂತ ಹತ್ತು ಪಟ್ಟು ಜೋರಾದ ಸ್ಟಿರಾಯ್ಡ್ ಅದರಲ್ಲಿತ್ತು. ಮೂರೇ ದಿನಕ್ಕೆ ಬೆರಳು ನೋವಿಲ್ಲದೆ ಮಡಚತೊಡಗಿದವು. ನಾಲ್ಕು ವರ್ಷ ಅವಳು ಒಂದು ದಿನವೂ ಪುಡಿ ತಪ್ಪಿಸಲಿಲ್ಲ. ಮುಖ ದುಂಡಗೆ ಊದಿತು, ಓಣಿಯವರು ಮೈ ತುಂಬಿಕೊಂಡಿದ್ದಾಳೆ, ಸುಖ ಬಂತು ಎಂದರು.

ನನಗೂ ಸುಖವೇ ಬಂತು. ರಕ್ತದ ತುಂಬ ಹೊರಗಿನ ರಸ ಹರಿಯುತ್ತಿದ್ದುದರಿಂದ ಯಜಮಾನ ಅಪ್ಪಣೆ ಕಳಿಸುವುದನ್ನೇ ನಿಲ್ಲಿಸಿತು. ನಾನು ಸುಮ್ಮನೆ ಕೂತೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ, ಹಾಗೆ ಇದ್ದ ಶಕ್ತಿಯೂ ಕರಗಿ ಒಣ ಮೆಣಸಿನಕಾಯಿಯಂತೆ ಸುಕ್ಕಾದೆ. ಬಲಗಡೆಯ ನನ್ನ ಜೋಡಿಯ ಪಾಡೂ ಅದೇ. ನಾಚಿಕೆಯಾಗುತ್ತದೆ, ಆದರೆ ಆಗ ನನಗೆ ಅದು ಆರಾಮ ಅನ್ನಿಸಿತ್ತು.

ಮದುವೆಯಾಗಿ ಹೋಗಿದ್ದ ಶಿವಲೀಲಾಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಎಂಟು ತಿಂಗಳು ತುಂಬಿದಾಗ ತವರಿಗೆ ಬಂದಳು. ಆ ಮಂಗಳವಾರ ಗುರುಸಿದ್ದವ್ವ ಒಬ್ಬಳೇ ದ್ಯಾಮವ್ವನ ಗುಡಿಗೆ ಹೋದಳು.

"ತಾಯಿ, ಯಾವುದ್ ಬಿಟ್ರ ನಂಗ ಇರಾಕಾಗೂದಿಲ್ಲೋ ಅದನ್ನ ಬಿಡತೀನಿ. ನನ್ನ ಮಗಳ ಹೊಟ್ಟ್ಯಾಗಿಂದು ಉಳಸಿಕೊಡು."

ಹರಕೆ ಬಾಯಿಬಿಟ್ಟರೆ ಫಲವಿಲ್ಲವೆಂದು ಯಾರಿಗೂ ಹೇಳಲಿಲ್ಲ. ಅಂದಿನಿಂದಲೇ ಪುಡಿ ಬಿಟ್ಟಳು.

ಗೆಣ್ಣು ಮತ್ತೆ ಬಾತವು. ನಾಲ್ಕನೆಯ ದಿನ ವಾಂತಿ ಶುರುವಾಯಿತು, ಐದನೆಯ ದಿನ ಜ್ವರ. ಮೇಲಿನಿಂದ ಅಪ್ಪಣೆ ಬಂತು, ಬಹಳ ಕ್ಷೀಣವಾಗಿ, ನಾಲ್ಕು ವರ್ಷದ ಮೇಲೆ. ಏಳಲು ನೋಡಿದೆ. ಆಗಲಿಲ್ಲ. ಒಂದು ಹನಿಯೂ ಬರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು.

ದೊಡ್ಡಾಸ್ಪತ್ರೆಯಲ್ಲಿ ಸಲೈನ್ ಹಚ್ಚಿದರೂ ರಕ್ತದೊತ್ತಡ ಏರಲಿಲ್ಲ. ದಿನಾ ಯಾವುದಾದರೂ ಗುಳಿಗೆ ತಗೊಳ್ಳುತ್ತಾರೆಯೇ ಎಂದು ಡಾಕ್ಟರು ಕೇಳಿದರು. ಶಿವಲೀಲಾ ಸುಳ್ಳು ಹೇಳಲಿಲ್ಲ. ಬೇರಿನ ಪುಡಿಯನ್ನು ಯಾರು ಗುಳಿಗೆ ಅನ್ನುತ್ತಾರೆ?

"ಇಲ್ರಿ ಸರ್, ನಮ್ಮವ್ವ ಗುಳಿಗಿ ಮುಟ್ಟಾಕಿ ಅಲ್ಲ."

ಡಾಕ್ಟರು ಅತ್ತ ಹೋದ ಮೇಲೆ ಅವಳು ಮಂಚದ ಕೆಳಗಿನ ಚೀಲ ಎಳೆದು ಒಂದು ಪೊಟ್ಟಣ ತೆಗೆದಳು.

"ಅವ್ವಾ, ನಿನ್ನ ಪುಡಿ ತಂದೀನಿ. ನೀರಾಗ ಕಲಸಿ ಕೊಡ್ಲೇನು?"

ಕೊಡು ಎಂದು ನಾನು ಒಳಗೇ ಬೇಡಿಕೊಂಡೆ. ನನ್ನ ಅನ್ನ ಕಸಿದ ಪುಡಿಗೇ ಕೈಮುಗಿದೆ. ಗುರುಸಿದ್ದವ್ವ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಬ್ಯಾಡವ್ವಾ. ಅದನ್ನ ಬಿಟ್ಟೀನಿ."

ಶಿವಲೀಲಾ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಗುರುಸಿದ್ದವ್ವ ಹೋಗಿಬಿಟ್ಟಳು.

ಸಾವಿನ ಕಾರಣ ತಿಳಿಯದೆ ಡಾಕ್ಟರು ದೇಹ ಕೊಯ್ದು ನೋಡಿದರು. ಅಳಿಯ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದ. ಹೀಗೆ ನಾನು ಮೊದಲ ಸಲ ಬೆಳಕು ಕಂಡೆ. ಅಂದಿನಿಂದ ವೈದ್ಯಕೀಯ ಕಾಲೇಜಿನ ಕಪಾಟಿನಲ್ಲಿ, ಫಾರ್ಮಲಿನ್ ತುಂಬಿದ ಗಾಜಿನ ಭರಣಿಯಲ್ಲಿದ್ದೇನೆ. ಎಷ್ಟೋ ಕೈ ಬದಲಾಗಿವೆ. ಪ್ರತಿ ವರ್ಷ ಹೊಸ ಮಕ್ಕಳು ಭರಣಿ ಎತ್ತಿ ತಿರುಗಿಸಿ ನೋಡುತ್ತಾರೆ. ಐದು ಗ್ರಾಂ ಇರಬೇಕಾದದ್ದು ಎರಡೇ ಗ್ರಾಂ ಇದೆ ಎಂದು ಪಾಠ ಮಾಡುವ ಮೇಡಮ್ಮು ಹೇಳುತ್ತಾರೆ. ಹೊರಗಿನ ಸ್ಟಿರಾಯ್ಡಿನಿಂದ ಗ್ರಂಥಿ ಹೀಗೆ ಸುಕ್ಕುತ್ತದೆ, ರೋಗಿ ತಿನ್ನುವ ಗುಳಿಗೆಯನ್ನಷ್ಟೇ ಅಲ್ಲ, ಪುಡಿ, ಕಷಾಯ ಎಲ್ಲವನ್ನೂ ಕೇಳಿ ಎನ್ನುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ.

ನನಗೆ ಬೇಕಾದ ಸುದ್ದಿ ಒಂದೇ. ಭರಣಿಯ ಮೇಲಿನ ಚೀಟಿಯಲ್ಲಿ ವಯಸ್ಸಿದೆ, ತೂಕವಿದೆ, ತಾರೀಖಿದೆ. ಶಿವಲೀಲಾಳ ಮಗು ಉಳಿಯಿತೋ ಇಲ್ಲವೋ, ಅದನ್ನು ಯಾರೂ ಬರೆದಿಲ್ಲ.