ಮುಂಚಿನ ಮಾತು

ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ ನಮ್ಮ ಕಾರ್ಖಾನೆಯವರಿಗೆ ಕಾರ್ಮಿಕರ ಸುರಕ್ಷತೆಯ ಮೇಲೆ ಪುಸ್ತಕ ತರುವ ಹುಮ್ಮಸ್ಸು ಬಂತು. ನಾನು ಆಫೀಸಿನಲ್ಲಿ ಟೈಪು ಮಾಡುವವಳು. ನಮ್ಮ ಮನೆಯವರು ಕೆಳಗೆ ತಗಡು ಒತ್ತುವ ಪವರ್ ಪ್ರೆಸ್‌ನ ಆಪರೇಟರ್. ಮ್ಯಾನೇಜರ್ ಭಾನುಪ್ರಕಾಶ್ ನನ್ನನ್ನು ಕರೆದು, "ಪದ್ಮಾವತಿ, ಫೋರ್‌ವರ್ಡ್ ನೀವೇ ಬರೀಬೇಕು" ಎಂದರು.

"ಹಾಗಂದ್ರೇನು ಸಾರ್?"

"ಫೋರ್ ಅಂದ್ರೆ ಮುಂಚೆ, ವರ್ಡ್ ಅಂದ್ರೆ ಮಾತು. ಜರ್ಮನ್ನರ ಪದ ನೋಡ್ಕೊಂಡು ಇಂಗ್ಲಿಷ್‌ನವರು ಕಟ್ಕೊಂಡಿದ್ದು. ಪುಸ್ತಕ ಮಾಡ್ದೋರಲ್ಲ, ಬೇರೆಯವರು ಬರೆಯೋದು. ಆಪರೇಟರ್ ಹೆಂಡ್ತಿ ಬರೆದ್ರೆ ಜನ ನಂಬ್ತಾರೆ. ಗಂಡನ ಬೆರಳು ಹೋಯ್ತು ಅಂತ ಬರೀರಿ. ಪುಸ್ತಕ ಬೇರೆ ಊರಿನ ಫ್ಯಾಕ್ಟರಿಗಳಿಗೆ ಹೋಗತ್ತೆ, ಯಾರಿಗೆ ಗೊತ್ತಾಗ್ಬೇಕು?"

ಬರೆದೆ. ಗಂಡ ಅವಸರಕ್ಕೆ ಬಿದ್ದು, ಕೈ ಸಿಕ್ಕದಂತೆ ಯಂತ್ರಕ್ಕೆ ಅಡ್ಡ ಹಾಕಿದ ಜಾಲರಿ ತಾನೇ ತೆಗೆದು, ನಾಲ್ಕು ಬೆರಳು ಕಳೆದುಕೊಂಡ ಎಂದು. ಚೆನ್ನಾಗಿಯೇ ಬಂದಿತ್ತು. ಮನೆಯಲ್ಲಿ ಓದಿ ಹೇಳಿದರೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ರಾಮಮ್ಮ ಬೆಚ್ಚಿಬಿದ್ದರು.

"ಥೂ, ಬಿಡ್ತು ಅನ್ನು! ನಡೀದೇ ಇರೋದ್ನ ಅಂಗೆಲ್ಲ ಮುಂಚೇನೇ ಆಡ್ಬಾರ್ದು ಕಣವ್ವ. ಅಸ್ತು ದೇವತೆಗಳು ಕೇಳಿಸ್ಕೊಂಡು ಅಂಗೇ ಆಗ್ಲಿ ಅಂದ್ಬಿಡ್ತಾರೆ."

ನಾನು ನಕ್ಕೆ. ಬಿಡ್ತು ಅನ್ನಲಿಲ್ಲ. ಓದಿದವಳಲ್ಲವೇ!

ಮರುದಿನ ಬೆಳಿಗ್ಗೆ ಅದನ್ನು ಮ್ಯಾನೇಜರ್‌ಗೆ ಕೊಟ್ಟೆ. ಮಧ್ಯಾಹ್ನ ಕೆಳಗಿನ ದಬದಬ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಹಿಂದೆಯೇ ಒಂದು ಚೀರಾಟ. ಮೆಟ್ಟಿಲಿಳಿದು ಓಡಿದರೆ ನಮ್ಮವರ ಯಂತ್ರದ ಸುತ್ತಲೇ ಜನ. ಒತ್ತಿದ ತಗಡಿನ ಕೆಳಗೆ ಅವರ ಕೈಗವಸು ಚಪ್ಪಟೆಯಾಗಿತ್ತು. ಕೈ ಮಾತ್ರ ಹೇಗೋ ಜಾರಿಕೊಂಡು ಹೊರಗೆ ಬಂದಿತ್ತು. ಆ ಕೈ ಹಿಡಿದು ಎಲ್ಲರೆದುರು "ಬಿಡ್ತು, ಬಿಡ್ತು" ಎಂದು ಅತ್ತುಬಿಟ್ಟೆ.

"ಜಾಲರಿ ಎಲ್ರೀ?"

"ಸೂಪರ್‌ವೈಸರ್ ತೆಗೆಸಿದ್ದಾರೆ ಕಣೆ. ಅದಿದ್ರೆ ಟಾರ್ಗೆಟ್ ಮುಟ್ಟಲ್ವಂತೆ. ತಿಂಗ್ಳಾಯ್ತು."

ಆವತ್ತೇ ಕೂತು ಬೇರೆ ಬರೆದೆ. ಜಾಲರಿಯನ್ನು ಯಾರು ತೆಗೆಸಿದರು, ಏಕೆ ತೆಗೆಸಿದರು, ಎಲ್ಲವನ್ನೂ. ಭಾನುಪ್ರಕಾಶ್ ಓದಿ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು.

"ಹಳೇದೇ ಚೆನ್ನಾಗಿದೆ. ಆಗಲೇ ಅಚ್ಚಿಗೆ ಹೋಯ್ತು."

ಪುಸ್ತಕ ಬಂದಿದೆ, ಮೊದಲ ಪುಟದಲ್ಲೇ ನನ್ನ ಹೆಸರು. ಜಾಲರಿ ಇನ್ನೂ ಬಂದಿಲ್ಲ. ಕೆಳಗೆ ಸದ್ದು ನಿಂತಾಗಲೆಲ್ಲ ಟೈಪು ಬಿಟ್ಟು ಬಿಡ್ತು ಬಿಡ್ತು ಎನ್ನುತ್ತೇನೆ. ದೇವತೆಗಳಿಗಿಂತ ಈಗ ನನಗೆ ಆ ಪುಟದ ಭಯ. ನಾಳೆ ನಿಜವಾಗಿ ಬೆರಳು ಹೋದರೆ ಭಾನುಪ್ರಕಾಶ್ ಬಾಯಿ ಬಿಡಬೇಕಾಗಿಲ್ಲ. ತಪ್ಪು ಗಂಡನದೇ ಎಂದು ಹೆಂಡತಿ ಮುಂಚೆಯೇ ಬರೆದುಕೊಟ್ಟಿದ್ದಾಳೆ.