ಕೊಂಡಿಯ ನಾಲಿಗೆ

ಭಾವ ಎಸೆದ ಕೊಂಡಿ ಗಡಿಯಾರಣ್ಣನ ಎದೆಗೆ ಬಡಿದು ನೆಲಕ್ಕೆ ಬಿತ್ತು. ಕಿಟಕಿಯ ಬಾಗಿಲನ್ನು ಹಿಡಿದಿಡುವ, ಬೆರಳುದ್ದದ ಪ್ಲಾಸ್ಟಿಕ್ ಕೊಂಡಿ. ಅದರ ತುದಿಗೆ ತೆಳ್ಳನೆಯ ನಾಲಿಗೆ ಇರಬೇಕು; ಚೌಕಟ್ಟಿನ ಸಂದಿಗೆ ಸಿಕ್ಕಿ ಬಾಗಿಲನ್ನು ತಡೆಯುವುದು ಆ ನಾಲಿಗೆಯೇ. ಬಿದ್ದ ಕೊಂಡಿಗೆ ನಾಲಿಗೆ ಅರ್ಧವೇ ಇತ್ತು. ಬೆಳಗಿನಿಂದ ಮಿಷನ್ ಉಗುಳಿದ್ದೆಲ್ಲ ಅಂಥವೇ.

“ನಿನ್ನ ಕೈಗೆ ಸಿಕ್ಕಿದ್ದೆಲ್ಲ ಅರ್ಧಂಬರ್ಧ. ನಾಳೆಯಿಂದ ಬರ್ಬೇಡ,” ಅಂದರು ಭಾವ.

ಗಡಿಯಾರಣ್ಣ ಬಗ್ಗಿ ಕೊಂಡಿಯನ್ನು ಹೆಕ್ಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಮಿಷನ್ನಿನ ಬಾಗಿಲು ತೆಗೆಯುವುದು, ಮಾಲು ಹೆಕ್ಕುವುದು, ಬಾಗಿಲು ಮುಚ್ಚುವುದು, ಇಷ್ಟನ್ನು ದಿನವಿಡೀ ಒಂದೇ ಲಯದಲ್ಲಿ ಮಾಡುವವನಾದ್ದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ. ಕೀಲಿ ಕೊಡುವವಳು ಅವಳೇ ಎಂದು ಒಮ್ಮೆ ತಾನೇ ಹೇಳಿ ನಕ್ಕಿದ್ದ. ಆ ಲಯ ಈಗ ಕೆಟ್ಟಿದೆ, ಅವನು ಬಾಗಿಲನ್ನು ತಡವಾಗಿ ಮುಚ್ಚುತ್ತಾನೆ, ಅಷ್ಟರಲ್ಲಿ ಅಚ್ಚು ತಣ್ಣಗಾಗಿ, ಒಳಗೆ ನುಗ್ಗುವ ಕರಗಿದ ಪ್ಲಾಸ್ಟಿಕ್ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ ಎಂಬುದು ಭಾವನ ವಾದ. ಅದನ್ನು ಅವರು ಮಾಲು ಒಯ್ಯಲು ಬಂದಿದ್ದ ಲಾರಿಯವನ ಎದುರಿಗೇ ಹೇಳಿದರು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ ಎಂದು ನನ್ನ ಕಡೆಗೂ ಒಂದು ಮಾತು ಬಿಟ್ಟರು.

ಕಾರ್ಖಾನೆ ಭಾವನದು. ಅವರು ಮಾಲು ಮಾರಿ ಮೇಲೆ ಬಂದವರು. ಮಿಷನ್ನಿನ ಶಾಖ, ಒತ್ತಡ ನೋಡಿಕೊಳ್ಳಲು ಓದು ಮುಗಿಸಿದ ನನ್ನನ್ನು ಇಟ್ಟುಕೊಂಡಿದ್ದರು. ಗೋಡೆಯ ಪಕ್ಕದ ಮೇಜಿನಲ್ಲಿ ಅಕ್ಕ ಕೂರುತ್ತಾಳೆ. ಅಚ್ಚಿನ ಎರಡು ಹೋಳುಗಳ ನಡುವಿನಿಂದ ಹೊರಗೆ ಇಣುಕಿ ಗಟ್ಟಿಯಾಗುವ ತೆಳು ಪದರವನ್ನು ನಾವು ಫ್ಲ್ಯಾಶ್ ಅನ್ನುತ್ತೇವೆ; ಕೊಂಡಿಗಳ ಅಂಚಿನಿಂದ ಅದನ್ನು ಚೂರಿಯಲ್ಲಿ ಕೆರೆದು ತೆಗೆಯುವುದು ಅವಳ ಕೆಲಸ. ಅವಳ ಬಲಗೈ ಮಣಿಕಟ್ಟಿಗೆ ಸದಾ ಬಟ್ಟೆ ಸುತ್ತಿರುತ್ತದೆ. ಆ ದಿನ ಅವಳ ಮುಂದೆ ಕೆಲಸವಿರಲಿಲ್ಲ. ಕೊಂಡಿಗಳಿಗೆ ಫ್ಲ್ಯಾಶೇ ಬಂದಿರಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಬಾಯಿ ತೆರೆದರೆ ಜಗಳವಷ್ಟೇ ಆಗುತ್ತಿತ್ತು. ಗಡಿಯಾರಣ್ಣನ ಕೆಲಸ ಉಳಿಯಬೇಕಾದರೆ ತಪ್ಪು ಎಲ್ಲಿದೆಯೆಂದು ತೋರಿಸಬೇಕಿತ್ತು. ಹಲ್ಲು ಕಚ್ಚಿ ಮಿಷನ್ನಿನ ಹತ್ತಿರ ಹೋದೆ.

ಭಾವ ಹೇಳಿದಂತೆ ಬೆಳಿಗ್ಗೆಯೇ ಶಾಖ ಏರಿಸಿದ್ದೆ, ಒತ್ತಡ ಏರಿಸಿದ್ದೆ. ನಾಲಿಗೆ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಅರ್ಧಕ್ಕೆ ನಿಂತ ತುದಿಯಲ್ಲಿ ಸುಟ್ಟಂತೆ ಕಂದು ಕಲೆಯೊಂದು ಮೂಡಿತ್ತು, ಅಷ್ಟೆ. ಡಬ್ಬಿಯಿಂದ ಹಿಡಿತುಂಬ ಕೊಂಡಿ ತೆಗೆದು ಸಾಲಾಗಿ ಇಟ್ಟು ನೋಡಿದೆ. ಬಾಗಿಲು ತಡವಾಗಿದ್ದರೆ ಕೊರತೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಬೇಕು. ಇಲ್ಲಿ ಎಲ್ಲವೂ ಒಂದೇ ಜಾಗದಲ್ಲಿ ನಿಂತಿದ್ದವು, ಎಲ್ಲಕ್ಕೂ ಅದೇ ಕಲೆ. ಅಂದರೆ ಪ್ಲಾಸ್ಟಿಕ್ ಆ ಮೂಲೆಯವರೆಗೆ ಬಂದು ಏನನ್ನೋ ಎದುರಿಸಿ ನಿಲ್ಲುತ್ತಿತ್ತು. ಅಲ್ಲಿದ್ದದ್ದು ಗಾಳಿ. ಪ್ಲಾಸ್ಟಿಕ್ ನುಗ್ಗುವಾಗ ಅಚ್ಚಿನೊಳಗಿನ ಗಾಳಿ ಹೊರಗೆ ಹೋಗಬೇಕು. ದಾರಿ ಸಿಗದಿದ್ದರೆ ಮೂಲೆಯಲ್ಲಿ ಒತ್ತಿಕೊಂಡು, ಕಾದು, ಎದುರಿಗೆ ಬಂದದ್ದನ್ನು ಸುಡುತ್ತದೆ.

ಅಚ್ಚನ್ನು ಹಿಡಿದು ಮುಚ್ಚುವ ಬಲವನ್ನು ಸ್ವಲ್ಪ ಇಳಿಸಿ, ಗಡಿಯಾರಣ್ಣನಿಗೆ ಬಾಗಿಲು ಮುಚ್ಚಲು ಹೇಳಿದೆ. ಹೋಳುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಂದಿ ಬಿಟ್ಟರೂ ಗಾಳಿಗೆ ಸಾಕು. ಮಿಷನ್ ತೆರೆದಾಗ ಕೊಂಡಿಗೆ ಪೂರ್ತಿ ನಾಲಿಗೆ ಇತ್ತು. ಅಂಚಿನಲ್ಲಿ ಫ್ಲ್ಯಾಶೂ ಇತ್ತು.

ಟಾರ್ಚ್ ಹಿಡಿದು ಅಚ್ಚಿನೊಳಗೆ ತಲೆ ಹಾಕಿದೆ. ಈ ಅಚ್ಚನ್ನು ನಾನು ಬಲ್ಲೆ. ನಾಲಿಗೆಯ ತುದಿಯಿಂದ ಹೊರಕ್ಕೆ, ಗಾಳಿ ಹೋಗಲೆಂದೇ ಕೊರೆದ ಉಗುರುಗೀರಿನಂಥ ಕಾಲುವೆಗಳಿದ್ದವು. ಈಗ ಒಂದೂ ಇರಲಿಲ್ಲ. ಆ ಮುಖವೆಲ್ಲ ಕನ್ನಡಿಯಂತೆ ನುಣುಪಾಗಿತ್ತು. ನನ್ನದೇ ಮೂಗು ಕಂಡಿತು.

ಹೋದ ವಾರ ಅಚ್ಚನ್ನು ತೊಳೆಸಿ ತರುತ್ತೇನೆಂದು ಕೊಂಡೊಯ್ದು, ಹಿಂದಿನ ದಿನವಷ್ಟೇ ತಂದವರು ಭಾವ.

“ಭಾವ, ಅಚ್ಚಿನ ಮುಖಾನ ಯಾರ ಹತ್ರ ಉಜ್ಜಿಸಿದ್ರಿ?”

ಅವರು ಮೊದಲು ಲಾರಿಯವನ ಕಡೆ ನೋಡಿದರು. ಅಚ್ಚು ನಮ್ಮದಲ್ಲ, ಮಾಲು ಕೊಳ್ಳುವವರದು; ಲಾರಿಯೂ ಅವರದೇ. ಅವರನ್ನು ಕೇಳದೆ ಅದಕ್ಕೆ ಉಳಿ ತಾಕಿಸುವಂತಿಲ್ಲ. ಲಾರಿಯವನು ಜಾಣ, ಬೀಡಿ ಸೇದಿ ಬರುತ್ತೇನೆಂದು ಹೊರಗೆ ಹೋದ. ಆಮೇಲೆ ಭಾವ ಗೊಣಗಿದರು. ಫ್ಲ್ಯಾಶ್ ನಿಲ್ಲಲಿ ಎಂದು ಮುಖವನ್ನು ಸಾಣೆಗೆ ಕೊಟ್ಟಿದ್ದರಂತೆ. ನಿಂತಿತಲ್ಲ ಎಂದರು. ಗೀರುಗಳ ವಿಚಾರ ಅವರಿಗೆ ಗೊತ್ತಿರಲಿಲ್ಲವಂತೆ. ಕೊನೆಗೆ ಮೇಜಿನ ಕಡೆ ಕೈ ತೋರಿಸಿದರು.

“ನಿಮ್ಮಕ್ಕನಿಗೋಸ್ಕರ ಮಾಡಿದ್ದಪ್ಪ. ದಿನಾ ಕೈನೋವು, ಕೈನೋವು ಅಂತಿದ್ಲು.”

ಅಕ್ಕ ತಲೆ ಎತ್ತಿದಳು. ಮದುವೆಯಾದಂದಿನಿಂದ ಅವಳು ಗಂಡನ ಮಾತಿಗೆ ಎದುರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಾತಿನ ಬದಲು ಅವಳು ಪಾತ್ರೆ ಜೋರಾಗಿ ಇಡುತ್ತಾಳೆ, ಬಾಗಿಲು ಮೆಲ್ಲಗೆ ಹಾಕುತ್ತಾಳೆ. ಎರಡರಲ್ಲಿ ಬಾಗಿಲೇ ಹೆಚ್ಚು ಭಯ ಹುಟ್ಟಿಸುತ್ತದೆ.

“ನನ್ನ ಕೈ ಸುದ್ದಿ ಎತ್ಬೇಡಿ,” ಅಂದಳು. “ನಾನು ಕೇಳಿದ್ದು ಹೊಸ ಚೂರಿ. ಇದು ಬೆಣ್ಣೇನೂ ಕೊಯ್ಯಲ್ಲ ಅಂತ ಎಷ್ಟು ಸಲ ಹೇಳಿದೀನಿ. ನೆಗಡಿ ಬಂತು ಅಂತ ಮೂಗು ಕೊಯ್ದುಬಿಟ್ರಿ, ಅದೂ ಬೇರೆಯವರ ಮೂಗು.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದು ಚೂರಿಯ ಮಾತನ್ನು ಕಿವಿಗೆ ಹಾಕಿಕೊಳ್ಳದ ಮನುಷ್ಯ ಬೆಳಗಿನಿಂದ ಇನ್ನೊಬ್ಬನ ಅನ್ನಕ್ಕೆ ಕೈ ಹಾಕಿದ್ದ. ಅಚ್ಚು ಉಜ್ಜಿಸಿ ತಂದ ಮರುದಿನವೇ ನಾಲಿಗೆ ಮಾಯವಾಗಿತ್ತು; ಅನುಮಾನ ಬರಲಿಲ್ಲವೆಂದರೆ ನಾನು ನಂಬುವುದಿಲ್ಲ. ಅನುಮಾನ ಬಂದಿತ್ತು, ಅದಕ್ಕೇ ಅಷ್ಟು ಜೋರಾಗಿ ಕೂಗಾಡಿದ್ದರು.

ಗೀರುಗಳನ್ನು ಮತ್ತೆ ಕೊರೆಸುವವರೆಗೆ ಬಲ ಇಳಿಸಿಯೇ ಓಡಿಸಬಹುದು ಎಂದೆ. ಭಾವನ ಮುಖ ಅರಳಿತು. ಲಾರಿ ತುಂಬಿದರೆ ಸಾಕಿತ್ತು ಅವರಿಗೆ. “ಸರಿ ಸರಿ, ಶುರು ಮಾಡು,” ಎಂದರು, ಗಡಿಯಾರಣ್ಣನ ಮುಖ ನೋಡದೆ.

ಅವನು ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ.

ಭಾವ ಮತ್ತೊಮ್ಮೆ ಹೇಳಿದರು. ಅವನು ಏಳಲಿಲ್ಲ. ಈ ಪ್ಲಾಸ್ಟಿಕ್‌ಗೆ ಒಂದು ಗುಣವಿದೆ, ಕರಗಿ ಬಿಸಿ ಕೊಳವೆಯಲ್ಲಿ ಸುಮ್ಮನೆ ನಿಂತರೆ ಕೆಡುತ್ತದೆ. ಸ್ವಲ್ಪ ಹೊತ್ತಿಗೆ ಕೊಳವೆಯ ಮೂತಿಯಿಂದ ಕಣ್ಣುರಿಸುವ ವಾಸನೆ ಬರತೊಡಗಿತು. ಇನ್ನೂ ತಡವಾದರೆ ಒಳಗಿನದು ಕರಕಲಾಗುತ್ತದೆ, ಬಿಚ್ಚಿ ತೊಳೆಯುವಷ್ಟರಲ್ಲಿ ಲಾರಿ ಖಾಲಿಯೇ ಹೋಗುತ್ತದೆ. ಭಾವನಿಗೆ ಇದು ಗೊತ್ತಿತ್ತು. ಕೊಳವೆ ಖಾಲಿ ಮಾಡೆಂದು ನನಗೆ ಸನ್ನೆ ಮಾಡಿದರು. ಗುಂಡಿ ನನ್ನ ಕೈಗೆಟುಕುವಲ್ಲೇ ಇತ್ತು. ನಾನು ಕೈಕಟ್ಟಿ ನಿಂತೆ.

ಫ್ಯಾನು ತಿರುಗುತ್ತಿತ್ತು, ನೀರಿನ ಪೈಪು ಗೊರಗುಟ್ಟುತ್ತಿತ್ತು. ಭಾವನ ಕಣ್ಣಲ್ಲಿ ನೀರು ತುಂಬಿತು, ಹೊಗೆಗೆ. ಒರೆಸಿಕೊಂಡು, ಮಿಷನ್ನಿನ ಬಾಗಿಲಿನ ಕಡೆ ನೋಡುತ್ತ, ಏನೋ ಆಗಿಹೋಯ್ತು ಬಿಡು ಎಂದರು.

“ಮಿಷನ್ನಿಗೆ ಹೇಳಿದ್ರಾ, ನನಗಾ?” ಅಂದ ಗಡಿಯಾರಣ್ಣ.

ಭಾವನ ಕತ್ತಿನ ನರ ಉಬ್ಬಿತು. ಅಕ್ಕನತ್ತ ನೋಡಿದರು, ಅವಳು ಮಣಿಕಟ್ಟಿನ ಬಟ್ಟೆಯನ್ನು ಬಿಚ್ಚಿ ಸುತ್ತುತ್ತಿದ್ದಳು. ವಾಸನೆ ಇನ್ನೂ ಖಾರವಾಯಿತು.

“ತಪ್ಪು ನಂದು,” ಅಂದರು ಭಾವ, ಈ ಸಲ ಅವನ ಮುಖ ನೋಡಿ. “ನಿಂದಲ್ಲ. ನಾಳೆ ಬಾ.”

ಗಡಿಯಾರಣ್ಣ ಎದ್ದ. ಜೇಬಿನಿಂದ ಆ ಅರ್ಧ ನಾಲಿಗೆಯ ಕೊಂಡಿಯನ್ನು ತೆಗೆದು, ಭಾವನ ಕೈ ಹಿಡಿದು ಅಂಗೈಯಲ್ಲಿಟ್ಟ. “ಇದು ನಿಮ್ಮದು,” ಅಂದ. ನಾನು ಗುಂಡಿ ಒತ್ತಿ ಕೆಟ್ಟ ಪ್ಲಾಸ್ಟಿಕನ್ನು ಹೊರಕ್ಕೆ ಸುರಿಸಿದೆ. ಹಳದಿಯಾಗಿ, ನೊರೆನೊರೆಯಾಗಿ ಬಿತ್ತು. ಆಮೇಲೆ ಅವನು ಬಾಗಿಲು ಮುಚ್ಚಿದ.

ಕೊಂಡಿಗಳು ಬರತೊಡಗಿದವು, ಪೂರ್ತಿ ನಾಲಿಗೆಯವು, ಅಂಚಿಗೆಲ್ಲ ಫ್ಲ್ಯಾಶ್ ಹೊತ್ತು. ಮೇಜಿನ ಮೇಲೆ ರಾಶಿ ಬೆಳೆಯಿತು. ಲಾರಿಯವನು ಹಾರ್ನ್ ಹೊಡೆದ. ಅಕ್ಕ ಚೂರಿಯನ್ನು ಮುಟ್ಟಲಿಲ್ಲ. ಅದನ್ನು ಬೆರಳಿನಿಂದ ಮೇಜಿನ ಆ ತುದಿಗೆ ತಳ್ಳಿ, ಎದ್ದು, ಕುರ್ಚಿ ಖಾಲಿ ಬಿಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು.

ಭಾವ ನನ್ನನ್ನು ನೋಡಿದರು. ನಾನು ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿದ್ದೆ. ಹಾರ್ನ್ ಮತ್ತೆ ಕೇಳಿಸಿತು. ಅವರು ಅಕ್ಕನ ಕುರ್ಚಿಯಲ್ಲಿ ಕೂತು, ಮೊದಲ ಕೊಂಡಿಯನ್ನು ಎತ್ತಿಕೊಂಡು, ಮೊಂಡು ಚೂರಿಯಿಂದ ಕೆರೆಯತೊಡಗಿದರು.