ಕುಳ್ಳಮ್ಮನ ಹೆಸರಿನ ಕಾವಲು

ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಸೆಂಟರಿಗೆ ಕಲಿಯಲು ಬರುತ್ತಿದ್ದ ಆಶಾರಾಣಿಗೆ ಒಂದು ಆಟದ ಹುಚ್ಚು ಹತ್ತಿತ್ತು. ಇದು ೨೦೦೩ರ ಮಾತು. ಆಟದೊಳಗಿನ ಕಂಪ್ಯೂಟರಿಗೆ ಕನ್ನ ಹಾಕಿ ಒಂದು ಫೈಲು ಎತ್ತಬೇಕು. ಆದರೆ ಅಲ್ಲೊಂದು ಕಾವಲು ಪ್ರೋಗ್ರಾಂ ಅರ್ಧ ನಿಮಿಷಕ್ಕೊಮ್ಮೆ ಸುತ್ತು ಹೊಡೆಯುತ್ತಿತ್ತು. ಅದನ್ನು ಅಳಿಸಿದರೆ ಸೈರನ್ ಕೂಗಿ ಆಟವೇ ಮುಗಿಯುತ್ತಿತ್ತು.

ಅಳಿಸಬಾರದು, ಅದರ ಜಾಗದಲ್ಲಿ ಸುಳ್ಳು ವರದಿ ಕೊಡುವ ಇನ್ನೊಂದನ್ನು ಕೂರಿಸಬೇಕು ಎಂದು ಅವಳಿಗೆ ಹೊಳೆದದ್ದು ಮನೆಯಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದಾಗ. ಯಾರು ಏನು ಕೇಳಿದರೂ "ಎಲ್ಲಾ ಸಂದಾಗದೆ" ಎಂದು ಎಲ್ಲ ಚೆನ್ನಾಗಿರುವಂತೆಯೇ ಹೇಳುವ ಅಜ್ಜಿಯ ಹೆಸರನ್ನೇ ಅದಕ್ಕಿಟ್ಟಳು: ಕುಳ್ಳಮ್ಮ. ಈ ಗುಟ್ಟನ್ನು ಹೇಳಿದ್ದು ಗೆಳತಿ ಅನುಗೆ ಮಾತ್ರ.

ಸೆಂಟರಿನ ಯಜಮಾನರಾದ ಪ್ರಭುಸ್ವಾಮಿ ಅದೇ ಆಟದ ಪಂದ್ಯ ಇಟ್ಟರು. ಗೆದ್ದ ಜೋಡಿಗೆ ಕಂಪಲಾಪುರದ ಹೊಸ ಬ್ರಾಂಚಿನಲ್ಲಿ ಕಲಿಸುವ ಕೆಲಸ. ಕೊನೆಯ ಸುತ್ತಿಗೆ ಉಳಿದವರು ಆಶಾ ಮತ್ತು ಅನು ಒಂದು ಕಡೆ, ಕನಕರಾಜು ಮತ್ತು ಅವನ ತಮ್ಮ ಇನ್ನೊಂದು ಕಡೆ. ಆಶಾ ಹೇಳುತ್ತಾ ಹೋದಳು, ಬೆರಳು ಚುರುಕಾಗಿದ್ದ ಅನು ಟೈಪ್ ಮಾಡಿದಳು. ಸೈರನ್ ಕೂಗಿಬಿಟ್ಟಿತು. ನೋಡಿದರೆ ಒಂದಕ್ಷರ ಬಿಟ್ಟುಹೋಗಿತ್ತು.

"ಗಾಬ್ರೀಲಿ ಆಯ್ತು ಕಣೆ," ಅಂದಳು ಅನು.

"ಓಗ್ಲಿ ಬುಡು," ಎಂದು ಆಶಾ ಅವಳ ಬೆನ್ನು ಸವರಿದಳು.

ಅಷ್ಟರಲ್ಲಿ ಪಕ್ಕದಲ್ಲಿ ಚಪ್ಪಾಳೆ ಬಿತ್ತು. ಗೆದ್ದ ಕನಕರಾಜುವಿಗೆ ಒಳ್ಳೆಯ ಮಾತು ಹೇಳಲೆಂದು ಹೋದ ಆಶಾ, ಅವನ ಪರದೆ ನೋಡಿ ನಿಂತುಬಿಟ್ಟಳು. ಕಾವಲಿನ ಜಾಗದಲ್ಲಿ ಕುಳ್ಳಮ್ಮ ಕೂತಿದ್ದಳು. ಹೆಸರು ಬದಲಿಸುವ ವ್ಯವಧಾನವೂ ಅವನಿಗಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅನು ತಲೆ ತಗ್ಗಿಸಿ ಒಪ್ಪಿಕೊಂಡಳು. "ಆ ಅಕ್ಷರ ಬೇಕಂತ್ಲೇ ಬುಟ್ಟೆ. ಕನಕರಾಜುಗೆ ಅವ್ರ ಮನೇಲಿ ನನ್ನ ಕೇಳವ್ರೆ. ಅವ್ರಿಗೆ ಕೆಲ್ಸ ಸಿಕ್ಕುದ್ರೆ ಮದ್ವೆ ಅಂದ್ರು. ನಿಂಗೆ ಬುದ್ಧಿ ಅದೆ, ಎಲ್ಲಾದ್ರೂ ಸಿಕ್ತದೆ ಅಂದ್ಕಂಡೆ."

"ಮೊದ್ಲೇ ಕೇಳಿದ್ರೆ ಬಿಟ್ಕೊಡ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಆದ್ರೆ ನಾನು ಬೆನ್ ಸವರ್ದಾಗ ಸುಮ್ಕೆ ಸವರಿಸ್ಕಂಡ್ಯಲ್ಲ ಅನು."

ಪ್ರಭುಸ್ವಾಮಿಯವರ ಮುಂದೆ ಆಶಾ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮದುವೆ ಮುರಿಯುತ್ತಿತ್ತು. ಮರುವಾರವೇ ಹುಣಸೂರಿನ ಒಂದು ಡಿ.ಟಿ.ಪಿ. ಅಂಗಡಿಗೆ ಸೇರಿದಳು. ಮದುವೆಗೆ ಕರೆಯಲು ಕಾಗದ ಹಿಡಿದು ಅನು ಅಲ್ಲಿಗೂ ಬಂದಳು. ಆಶಾ ಕೂರಿಸಿ ಟೀ ತರಿಸಿದಳು.

"ಈಗ್ಲೂ ಆಟ ಆಡ್ತೀಯೇನೆ?"

ಹೊಸದೊಂದು ಆಟದಲ್ಲಿ ಅರ್ಧ ದಾರಿ ದಾಟಿದ್ದ ಆಶಾ, "ಇಲ್ಲ" ಅಂದಳು.